ಹೆಸರಿಗೆ ಒಂದು ಮಾರ್ಕು

ನನ್ನ ಅವ್ವ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಜೀವನದ ಮೊದಲ ಪರೀಕ್ಷೆಗೆ ಅವಳು ಕುಳಿತದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಬಾಗಲಕೋಟೆಯ ಒಂದು ದವಾಖಾನೆಯಲ್ಲಿ. ಪರೀಕ್ಷಕರು ಮೀಸೆ ಈಗಷ್ಟೇ ಚಿಗುರಿದಂತಿದ್ದ ನರರೋಗದ ಡಾಕ್ಟರು. ಪಕ್ಕದಲ್ಲಿ ಅಪ್ಪ, ಹಿಂದೆ ನಾನು.

"ಇವತ್ತು ಯಾವ ವಾರ ಅಮ್ಮಾ?" ಎಂದು ಡಾಕ್ಟರು ಕೇಳಿದರು.

"ನಿಮ್ಮ ಬೆನ್ನ ಹಿಂದ ಕ್ಯಾಲೆಂಡರ್ ಐತಲ್ರಿ, ನೋಡ್ಕೋರಿ" ಎಂದಳು ಅವ್ವ.

"ಈಗ ನೀವು ಎಲ್ಲಿದ್ದೀರಿ?"

"ಖುರ್ಚಿ ಮ್ಯಾಲ."

ನಾನಾಗಿದ್ದರೆ ಎರಡಕ್ಕೂ ಪೂರ್ತಿ ಮಾರ್ಕು ಕೊಡುತ್ತಿದ್ದೆ. ಡಾಕ್ಟರು ಎರಡು ಸೊನ್ನೆ ಬರೆದರು. ಆಮೇಲೆ ಅಪ್ಪನ ಕಡೆ ಬೆರಳು ತೋರಿಸಿ, "ಇವರ ಹೆಸರೇನು?" ಎಂದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, ತಲೆ ತಗ್ಗಿಸಿ, ಹೊಸ ಮದುವಣಗಿತ್ತಿಯ ಹಾಗೆ ನಕ್ಕಳು. ಮೂರನೆಯ ಸೊನ್ನೆ ಬಿತ್ತು.

ಅಪ್ಪ ನಿವೃತ್ತ ಹೆಡ್‌ಮಾಸ್ತರ. ತನ್ನೆದುರು ಬೇರೆಯವರು ಪೇಪರು ತಿದ್ದುವುದೇ ಅವನಿಗೆ ಸಹಿಸದು. ಎದ್ದು ನಿಂತ. "ಅದು ಸೊನ್ನಿ ಅಲ್ರಿ! ಆಕಿ ನನ್ನ ಹೆಸರು ಹೇಳಂಗಿಲ್ಲ. ಲಗ್ನ ಆಗಿ ಐವತ್ತೆರಡು ವರ್ಷ ಆತು, ಒಮ್ಮಿನೂ ಹೇಳಿಲ್ಲ. ಇದು ಮರವು ಅಲ್ಲ, ಮರ್ಯಾದಿ!"

ಖರೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆ ಮುಂಜಿಗಳಲ್ಲಿ ಉಳಿದ ಹೆಂಗಸರು ಒಡಪು ಕಟ್ಟಿ, ಪ್ರಾಸದ ನಡುವೆ ತೂರಿಸಿಯಾದರೂ ಹೇಳುತ್ತಾರೆ. ಅವ್ವ ಅದಕ್ಕೂ ಬಾಯಿ ಬಿಟ್ಟವಳಲ್ಲ. ರೇಷನ್ ಕಾರ್ಡಿಗೆ ಹೆಸರು ಬರೆಸಲು ಹೋದಾಗ ಐದು ವರ್ಷದ ನನ್ನನ್ನು ಮುಂದೆ ತಳ್ಳಿ, "ನಿಮ್ಮಪ್ಪನ ಹೆಸರು ಹೇಳವಾ" ಅಂದಿದ್ದಳು. ತುಳಸಿಗೇರಿಯ ಗುಡಿಗೆ ಹೋದರೆ ಜನರೆಲ್ಲ ದೇವರ ಹೆಸರು ಕೂಗುವಾಗ ಇವಳೊಬ್ಬಳು ತುಟಿ ಬಿಗಿದು ಕೈ ಮುಗಿಯುತ್ತಿದ್ದಳು. ಯಾಕೆಂದು ನೀವೇ ಊಹಿಸಿಕೊಳ್ಳಿ. ಅವಳು ಅಷ್ಟು ವರ್ಷ ಕಾಪಾಡಿದ ಹೆಸರನ್ನು ನಾನು ಇಲ್ಲಿ ಬರೆದು ಕೆಡಿಸುವುದಿಲ್ಲ.

ತಮಾಷೆಯೆಂದರೆ ಅಪ್ಪ ಅವಳಿಗೆ ಸೋದರತ್ತೆಯ ಮಗ. ಗುಳೇದಗುಡ್ಡದ ಒಂದೇ ಓಣಿಯಲ್ಲಿ ಆಡಿ, ಜಗಳಾಡಿ ಬೆಳೆದವರು. ಲಗ್ನದ ಹಿಂದಿನ ದಿನದವರೆಗೂ ಹೆಸರು ಹಿಡಿದು, ಏಕವಚನದಲ್ಲೇ ಕರೆದವಳು. ತಲೆಯ ಮೇಲೆ ಅಕ್ಕಿಕಾಳು ಬಿದ್ದದ್ದೇ ತಡ, ಆ ಹೆಸರಿಗೆ ಬೀಗ ಬಿತ್ತು.

ಡಾಕ್ಟರು ಔಷಧದ ಚೀಟಿಯ ಹಿಂದೆ ಚಿತ್ರ ಬರೆದು ಮರೆವಿನ ರೋಗವನ್ನು ವಿವರಿಸಿದರು. ಮೆದುಳಿನಲ್ಲಿ ದಿನಾ ಹುಟ್ಟುವ ಒಂದು ಪ್ರೋಟೀನಿನ ತುಣುಕುಗಳನ್ನು ಮೆದುಳೇ ಗುಡಿಸಿ ಹಾಕಬೇಕು. ಅದು ಆಗದಿದ್ದಾಗ ಆ ಅಂಟುತುಣುಕುಗಳು ಜೀವಕೋಶಗಳ ನಡುವೆ ಗಟ್ಟಿಯಾಗಿ ಕೂರುತ್ತವೆ, ಒಂದು ಕೋಶದ ಮಾತು ಇನ್ನೊಂದಕ್ಕೆ ಮುಟ್ಟುವುದಿಲ್ಲ. ಗುಡಿಸಬೇಕಾದ ಕೋಶಗಳೇ ರೊಚ್ಚಿಗೆದ್ದು ಅಕ್ಕಪಕ್ಕದವನ್ನು ಹಾಳುಮಾಡುತ್ತವೆ. ಇನ್ನು ಕೋಶದ ಒಳಗೆ ಟೌ ಎಂಬ ಮತ್ತೊಂದು ಪ್ರೋಟೀನು. ಆಹಾರ ಸಾಗಿಸುವ ಸಣ್ಣ ಕೊಳವೆಗಳನ್ನು ನೆಟ್ಟಗೆ ಹಿಡಿದು ನಿಲ್ಲಿಸುವುದು ಅದರ ಕೆಲಸ. ಅದು ಕಳಚಿ ಬಂದು, ಮಗ್ಗದ ನೂಲು ಸಿಕ್ಕುಗಟ್ಟಿದ ಹಾಗೆ ತನಗೆ ತಾನೇ ಸುತ್ತಿಕೊಳ್ಳುತ್ತದೆ. ಕೊಳವೆ ಕುಸಿಯುತ್ತದೆ, ಕೋಶ ಉಪವಾಸ ಬಿದ್ದು ಸಾಯುತ್ತದೆ. ಸತ್ತದ್ದು ಮರಳಿ ಬರುವುದಿಲ್ಲ. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ.

ನಾನು ನವನಗರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಇದನ್ನೆಲ್ಲ ಓದಿದ್ದೆ. ಆದರೂ ಆ ಚೀಟಿಯನ್ನು ಮಡಚಿ, ಮತ್ತೆ ಬಿಚ್ಚಿ ನೋಡಿದೆ. ಅಪ್ಪನ ಕಿವಿಗೆ ಮಾತ್ರ ಒಂದೇ ಶಬ್ದ ಬಿದ್ದಿತ್ತು, ಪ್ರೋಟೀನು.

ಮರುದಿನ ಊಟಕ್ಕೆ ಕೂತರೆ ಅವ್ವನ ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಅಷ್ಟೇ. ಕಾಳುಪಲ್ಯ ಇಲ್ಲ, ಕಡಲೆಹಿಟ್ಟಿನ ಝುಣಕ ಇಲ್ಲ, ಮೊಸರಿಲ್ಲ. ಎಲ್ಲಕ್ಕಿಂತ ದೊಡ್ಡ ಅನಾಹುತ, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯೇ ಇಲ್ಲ.

"ಮುಚ್ಚಿಟ್ಟೇನಿ" ಎಂದ ಅಪ್ಪ. "ತಲ್ಯಾಗ ಪ್ರೋಟೀನ್ ಕೂಡಾಕತ್ತೈತಿ ಅಂತ ಡಾಕ್ಟರ್ ಹೇಳಿದ್ದು ಕೇಳಿಸ್ಲಿಲ್ಲೇನು? ಶೇಂಗಾದಾಗ ಏನೈತಿ? ನೀನ ಹುಡುಗರಿಗೆ ಕಲಸ್ತೀ."

"ಅಪ್ಪಾ, ತಿಂದ ಪ್ರೋಟೀನ್ ಹೊಟ್ಟ್ಯಾಗ ಕರಗಿ ಚೂರಾಗತೈತಿ. ನೆಟ್ಟಗ ತಲಿಗೆ ಏರೂದಿಲ್ಲ. ಇದು ಮೆದುಳು ತಾನ ತಯಾರ ಮಾಡಿದ್ದು."

"ತಯಾರ ಮಾಡಾಕ ಮಾಲು ಎಲ್ಲಿಂದ ಬಂತು?"

ಸಿಟ್ಟು ಬರಿಸುವಷ್ಟು ಒಳ್ಳೆಯ ಪ್ರಶ್ನೆ. ಉತ್ತರಿಸಿದೆ. ಆದರೆ ಹೆಡ್‌ಮಾಸ್ತರರು ಪ್ರಶ್ನೆ ಕೇಳುವುದು ಉತ್ತರಕ್ಕಾಗಿ ಅಲ್ಲ. ಅಂಗಡಿಯಿಂದ ಹಿಂಡಿ ತಂದಿಟ್ಟೆ, ಅದನ್ನೂ ಮುಚ್ಚಿಟ್ಟ. ಅವ್ವ ನನ್ನನ್ನು "ಅಕ್ಕೋರ" ಎಂದು ಕರೆಯತೊಡಗಿದ್ದಳು, ನಮ್ಮ ಕಡೆ ಟೀಚರನ್ನು ಕರೆಯುವ ಹಾಗೆ. ಪೂರ್ತಿ ತಪ್ಪೇನೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮಗಳನ್ನು ಮರೆತವಳು ಹಿಂಡಿಯನ್ನು ಮಾತ್ರ ಮರೆಯಲಿಲ್ಲ. ದಿನಕ್ಕೆರಡು ಸಲ ತಾಟು ದೂಡಿ, "ಹಿಂಡಿ ಎಲ್ಲೈತಿ?" ಎನ್ನುತ್ತಿದ್ದಳು. ಖಣದ ಕುಪ್ಪಸ ತೋಳಿನಲ್ಲಿ ಜೋಲತೊಡಗಿತು.

ಈ ನಡುವೆ ಅಪ್ಪ ದಿನಾ ಬೆಳಿಗ್ಗೆ ಚಹಾದ ಜೊತೆ ತನ್ನದೇ ಪರೀಕ್ಷೆ ನಡೆಸುತ್ತಿದ್ದ. "ನನ್ನ ಹೆಸರೇನು ಹೇಳು?" ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಹೋಗ್ರಿ ಅತ್ಲಾಗ" ಎನ್ನುತ್ತಿದ್ದಳು. ಅಪ್ಪನ ಮುಖ ಅರಳುತ್ತಿತ್ತು. "ನೋಡಿದೇನು? ನೆನಪೈತಿ. ಹೇಳಂಗಿಲ್ಲ, ಅಷ್ಟ."

ಬೇರೆ ಮನೆಗಳಲ್ಲಿ ರೋಗಿ ಉತ್ತರ ಹೇಳದಿದ್ದರೆ ಅಳುತ್ತಾರೆ, ನಮ್ಮ ಮನೆಯಲ್ಲಿ ಅದೇ ಹಬ್ಬ. ಒಂದು ದಿನ ನನ್ನ ಕೆಟ್ಟ ಬಾಯಿ ಸುಮ್ಮನಿರಲಿಲ್ಲ. "ಹೇಳದವರಿಗೂ ಹೇಳಾಕ ಬರದವರಿಗೂ ಫರಕು ಹೆಂಗ ಗೊತ್ತಾಗಬೇಕಪಾ?" ಎಂದೆ. ಅಪ್ಪ ಎರಡು ದಿನ ಮಾತು ಬಿಟ್ಟ. ಅವನಿಗೆ ಉಳಿದಿದ್ದ ಒಂದೇ ಆಸರೆಯನ್ನು ನಾನು ಅಲ್ಲಾಡಿಸಿದ್ದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಒಂದು ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದೆ. ಇಬ್ಬರೂ ಪಡಸಾಲೆಯಲ್ಲಿ ಕೂತಿದ್ದರು, ಅವ್ವನ ಮುಂದೆ ಒಣ ರೊಟ್ಟಿ. ಅವಳು ತಲೆಯೆತ್ತಿ ಅಪ್ಪನನ್ನು ದಿಟ್ಟಿಸಿ ನೋಡಿದಳು. ತಲೆಯ ಮೇಲೆ ಸೆರಗಿರಲಿಲ್ಲ. ಓಣಿಯ ಆ ತುದಿಗೂ ಕೇಳುವಂಥ ದನಿಯಲ್ಲಿ ಅವನ ಹೆಸರು ಹಿಡಿದು ಕೂಗಿದಳು. "ಏ..., ಹಿಂಡಿ ತಾರೋ! ಇಲ್ಲಂದ್ರ ಅತ್ತಿಗೆ ಹೇಳ್ತೇನಿ ನೋಡು!"

ಅತ್ತೆ, ಅಂದರೆ ನನ್ನಜ್ಜಿ, ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಹೆಸರು ಮರಳಿತ್ತು, ಲಗ್ನ ಹೋಗಿತ್ತು. ನಾನು, ನನ್ನನ್ನು ಹೆತ್ತದ್ದು, ಈ ಮನೆ, ಐವತ್ತೆರಡು ವರ್ಷ, ಎಲ್ಲ ಅದರ ಜೊತೆಗೇ ಹೋಗಿದ್ದವು. ನನಗೆ ತಿಳಿಯುವ ಮೊದಲೇ ಅಪ್ಪನಿಗೆ ತಿಳಿಯಿತು. ಅವನು ಒಳಗೆ ಹೋಗಿ, ಸ್ಟೂಲು ಹತ್ತಿ, ಅಟ್ಟದ ಹಿತ್ತಾಳೆ ಕೊಡದೊಳಗಿಂದ ಡಬ್ಬಿ ತೆಗೆದ. ಹಿಂಡಿಗೆ ಎಣ್ಣೆ ಹಾಕಿ, ಕಲಸಿ, ಅವಳ ಮುಂದಿಟ್ಟ.

"ಅತ್ತಿಗೆ ಹೇಳಬ್ಯಾಡ ಮತ್ತ" ಎಂದ.

ಅವ್ವ ಮೂರು ರೊಟ್ಟಿ ತಿಂದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮುಂದಿನ ತಿಂಗಳು ಮತ್ತೆ ಅದೇ ದವಾಖಾನೆ, ಅದೇ ಪರೀಕ್ಷೆ. ವಾರಕ್ಕೆ ಸೊನ್ನೆ, ಜಾಗಕ್ಕೆ ಸೊನ್ನೆ. "ಇವರ ಹೆಸರೇನು?" ಎಂದರು ಡಾಕ್ಟರು.

"ಇಂವಾ? ನಮ್ಮತ್ತಿ ಮಗ" ಎಂದು ಅವ್ವ ಖುಷಿಯಿಂದ ಹೆಸರು ಹೇಳಿದಳು, ಸ್ಪಷ್ಟವಾಗಿ, ಅಪ್ಪನ ಕಣ್ಣಿಗೆ ಕಣ್ಣಿಟ್ಟು.

"ವೆರಿ ಗುಡ್! ಹೋದ ಸಲಕ್ಕಿಂತ ಒಂದು ಮಾರ್ಕು ಜಾಸ್ತಿ" ಎಂದು ಡಾಕ್ಟರು ಅಪ್ಪನ ಕಡೆ ತಿರುಗಿ ನಕ್ಕರು. "ಸಂತೋಷ ಆಯ್ತಾ ಸರ್?"

ನಾನು ಖರೆ ಸಂಗತಿ ಹೇಳಲು ಬಾಯಿ ತೆರೆದೆ. ಅಪ್ಪ ಮೇಜಿನ ಕೆಳಗೆ ನನ್ನ ಕೈ ಗಟ್ಟಿಯಾಗಿ ಹಿಡಿದ.

"ಹೌದ್ರಿ" ಎಂದ. "ಭಾಳ ಛಲೋ ಆತು."