ಡೊಳ್ಳಪ್ಪನ ಹೊಟ್ಟೆ

ಚಹಾದ ಲೋಟ ಹಿಡಿದು ಠೀವಿಯಿಂದ ಬಂದ ಅಳಿಯ ನೆಲದ ಮೇಲಿದ್ದ ವೈರಿನಲ್ಲಿ ಕಾಲು ಸಿಕ್ಕಿಸಿಕೊಂಡು ಸೋಫಾದ ಮೇಲೆ ಬೋರಲು ಬಿದ್ದ. ಚಹಾ ಅವನ ಅಂಗಿಯ ಪಾಲಾಯಿತು. ಅಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಆ ವೈರು ಗೇಮ್ ಪೆಟ್ಟಿಗೆಯದು. ಪ್ಲಗ್ ಗೋಡೆಯಿಂದ ಕಿತ್ತು ಬಂದು ಟೀವಿಯ ಪರದೆ ಕಪ್ಪಾಗಿತ್ತು.

"ಏನ್ರೀ ಅದು ಸದ್ದು?" ಒಳಗಿನಿಂದ ಹೆಂಡತಿಯ ದನಿ.

"ಏನಿಲ್ಲ ಕಣೇ, ನಾನು."

"ಅದೇ ಅಂದ್ಕೊಂಡೆ."

ಅತ್ತೆ ಕೈಯಲ್ಲಿ ಕಂಟ್ರೋಲರ್ ಹಿಡಿದು ಕಪ್ಪು ಪರದೆಯನ್ನೇ ನೋಡುತ್ತಿದ್ದರು. "ಡೊಳ್ಳಪ್ಪನ ಬಾಗಿಲಿಗೆ ಹೋಗಿದ್ದೆ," ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು ಎನಿಸಿತು ಅಳಿಯನಿಗೆ.

ಅತ್ತೆ ಟೈಲರ್. ಮನೆಯಲ್ಲೂ ಕೊರಳಲ್ಲಿ ಟೇಪು ಇರುತ್ತದೆ. ಜನರನ್ನು ಮುಖ ನೋಡಿ ಗುರುತಿಸುವವರಲ್ಲ, ಭುಜ ಸೊಂಟ ನೋಡಿ ಗುರುತಿಸುವವರು. ಮದುವೆಗೆ ಮೊದಲು ಅಳಿಯನನ್ನು ನೋಡಲು ಬಂದಾಗ ಮಗಳ ಕಿವಿಯಲ್ಲಿ ಹೇಳಿದ್ದು, "ಎಡಭುಜ ಇಳಿದಿದೆ, ಪರವಾಗಿಲ್ಲ, ಪ್ಯಾಡ್ ಇಟ್ರೆ ಸರಿಹೋಗುತ್ತೆ." ಅಳಿಯ ಇವತ್ತಿಗೂ ಫೋಟೋಗೆ ನಿಲ್ಲುವಾಗ ಎಡಭುಜ ಎತ್ತುತ್ತಾನೆ.

ಕೆಲವು ತಿಂಗಳ ಹಿಂದೆ ಸ್ಟೂಲಿನಿಂದ ಬಿದ್ದು ಅತ್ತೆಯ ಬಲಗೈ ಮಣಿಕಟ್ಟು ಮುರಿಯಿತು. ಪಟ್ಟಿ ಬಿಚ್ಚಿದ ವಾರವೇ ಕತ್ತರಿ ಹಿಡಿದರು. ಕೈ ನಡುಗಿ ಗಿರಾಕಿಯೊಬ್ಬರ ಕೋಟಿನ ತೋಳು ಸೀಳಿಹೋಯಿತು. ಅಂದಿನಿಂದ ಅಂಗಡಿಯ ಶಟರ್ ಎತ್ತಿಲ್ಲ. ಬೆರಳು ಆಡಿಸುತ್ತಿರಿ ಎಂದು ಡಾಕ್ಟರು ಹೇಳಿದಾಗ ಅಳಿಯ ತನ್ನ ಹಳೆಯ ಗೇಮ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದ. ಕಾಸು ಹಾಕಿ ಆಡುವ ಅಂಗಡಿಗಳ ಕಾಲದ ಆಟ: ಪಾಳುಬಂಗಲೆ, ಕೋಣೆಗೊಂದು ರಾಕ್ಷಸ, ಕೊನೆಯ ಕೋಣೆಯಲ್ಲಿ ಎದುರಿಗೆ ಬಂದವರನ್ನೆಲ್ಲ ನುಂಗುವ ದೊಡ್ಡ ಹೊಟ್ಟೆಯವನು. ಅವನಿಗೆ ಡೊಳ್ಳಪ್ಪ ಎಂದು ಹೆಸರಿಟ್ಟವರು ಅತ್ತೆ. ಆಟವನ್ನು ನಡುವೆ ಉಳಿಸಿಡುವ ಸೌಕರ್ಯವಿಲ್ಲ. ಪ್ಲಗ್ ಹೋದರೆ ಮತ್ತೆ ಮೊದಲಿನಿಂದ.

ಅಂಗಡಿಯನ್ನು ಬಾಡಿಗೆಗೆ ಕೊಟ್ಟುಬಿಡೋಣ ಎಂಬ ಹಟ ಮಗಳದು. ಅಮ್ಮ ಒಪ್ಪದಿದ್ದಾಗ, "ಆ ಡೊಳ್ಳಪ್ಪನ್ನ ಹೊಡಿ ನೋಡೋಣ, ಆಮೇಲೆ ಕತ್ತರಿ ಮಾತು," ಎಂದು ನಕ್ಕಿದ್ದಳು. ಅಮ್ಮ ನಗಲಿಲ್ಲ. ಇವತ್ತು ಸಂಜೆ, ಮಗಳು ಬಾಡಿಗೆಗೆ ಗೊತ್ತುಮಾಡಿದ್ದ ಮೊಬೈಲ್ ಅಂಗಡಿಯವನು ಬೀಗದ ಕೈ ಒಯ್ಯಲು ಬರುವವನಿದ್ದ. ಅದು ಟೀವಿಯ ಪಕ್ಕದಲ್ಲೇ ಇತ್ತು.

ಅಳಿಯ ಪ್ಲಗ್ ಸಿಕ್ಕಿಸಿ, ಎರಡನೇ ಕಂಟ್ರೋಲರ್ ಎತ್ತಿಕೊಂಡ. "ನಾನೂ ಬರ್ತೀನಿ ಅತ್ತೆ. ಇಬ್ಬರಿದ್ರೆ ಬೇಗ ಆಗುತ್ತೆ."

"ನಿಮ್ಮಿಷ್ಟ." ತಮಗೊಪ್ಪದ ಬಟ್ಟೆ ಆರಿಸಿದ ಗಿರಾಕಿಗೆ ಹೇಳುವ ದನಿ ಅದು.

ಅತ್ತೆ ಆಡುವಾಗ ಬಲಗಾಲು ನೆಲದ ಮೇಲೆ ಹೊಲಿಗೆ ಯಂತ್ರ ತುಳಿದ ಹಾಗೆ ಆಡುತ್ತದೆ. ಕಾಲು ತುಳಿಯುತ್ತಿದ್ದರೆ ಕೈ ಸರಾಗ. ಕಾಲು ನಿಂತರೆ ಕೈ ನಡುಕ. ಒಂದೊಂದೇ ಕೋಣೆ ದಾಟಿದರು. ಅಳಿಯ ಒಂದೊಂದು ಕೋಣೆಯಲ್ಲೂ ಸತ್ತ. ತನ್ನ ಪಾಲಿನ ಜೀವಗಳೆಲ್ಲ ಮುಗಿದ ಮೇಲೂ ಗಾಬರಿಯಲ್ಲಿ ಗುಂಡಿ ಒತ್ತಿದ. ಪರದೆಯ ಮೇಲೆ ಅವನ ಆಳು ಮತ್ತೆ ಎದ್ದು ನಿಂತ.

"ಅರೆ, ನನಗಿನ್ನೂ ಒಂದಿತ್ತು!"

"ನಿಮಗಿರಲಿಲ್ಲ," ಎಂದರು ಅತ್ತೆ ಪರದೆಯಿಂದ ಕಣ್ಣು ತೆಗೆಯದೆ. "ಅದು ನನ್ನದು."

ಜೊತೆಗಾರನ ಖಾತೆಯಿಂದ ಜೀವ ಕಿತ್ತುಕೊಳ್ಳುವ ಸೌಕರ್ಯವೂ ಆ ಆಟದಲ್ಲಿತ್ತು. ಮಗಳನ್ನು ಕೊಟ್ಟದ್ದು ಸಾಲದೆ ಈಗ ಜೀವವನ್ನೂ ಕೊಟ್ಟರಲ್ಲ ಎಂದು ಅಳಿಯನ ಮುಖ ಬಾಡಿತು. ಇನ್ನು ಇಬ್ಬರಿಗೂ ಉಳಿದದ್ದು ಒಂದೊಂದೇ ಜೀವ. ಕೊನೆಯ ಕೋಣೆಯ ಬಾಗಿಲು ತೆರೆಯಿತು. ಮನೆಯ ಬಾಗಿಲಲ್ಲಿ ಗಂಟೆ ಸದ್ದಾಯಿತು.

ಮೊಬೈಲ್ ಅಂಗಡಿಯವನನ್ನು ಮಗಳು ಒಳಗೆ ಕರೆದಳು. "ಅಮ್ಮಾ, ಬಂದಿದ್ದಾರೆ."

ಯಾರೂ ತಿರುಗಲಿಲ್ಲ. ಡೊಳ್ಳಪ್ಪ ಬಾಯಿ ತೆರೆದು ಇಬ್ಬರನ್ನೂ ಎಳೆಯತೊಡಗಿದ್ದ. ಅತ್ತೆಯ ಕಾಲು ನಿಂತಿತು. ಮಣಿಕಟ್ಟು ಅದುರಿತು. ಅವರ ಆಳು ಜಾರುತ್ತ ಜಾರುತ್ತ ಆ ಬಾಯಿಯ ಹತ್ತಿರ ಬಂದ.

"ಅಳಿಯಂದ್ರೇ."

"ಹೇಳಿ ಅತ್ತೆ."

"ಅವನು ಏನಾದ್ರೂ ನುಂಗುವಾಗ ಮಾತ್ರ ಕಣ್ಣು ಮುಚ್ಚುತ್ತಾನೆ. ದಯವಿಟ್ಟು ನೀವೊಂಚೂರು ಸಾಯ್ತೀರಾ?"

ಇಷ್ಟು ಮರ್ಯಾದೆಯಿಂದ ಯಾರೂ ಅವನನ್ನು ಸಾಯಲು ಕೇಳಿರಲಿಲ್ಲ. ಅಳಿಯ ಎಡಭುಜ ಎತ್ತಿ, ನೇರ ಡೊಳ್ಳಪ್ಪನ ಬಾಯಿಗೆ ಹಾರಿದ. ಡೊಳ್ಳಪ್ಪ ಕಣ್ಣು ಮುಚ್ಚಿದ.

ಅತ್ತೆಯ ಕಾಲು ಮತ್ತೆ ತುಳಿಯತೊಡಗಿತು. ಮೊದಲು ನಿಧಾನ, ಆಮೇಲೆ ಉದ್ದನೆಯ ಹೊಲಿಗೆ ಹಾಕುವ ವೇಗ. ಅದೇ ತಾಳಕ್ಕೆ ಹೆಬ್ಬೆರಳು ಗುಂಡಿಯ ಮೇಲೆ. ಡೊಳ್ಳಪ್ಪ ಒಂದು ಕಣ್ಣು ತೆರೆದ, ಎರಡನೆಯದನ್ನೂ ತೆರೆಯುತ್ತಿದ್ದ. ಅಷ್ಟರಲ್ಲಿ ಹೊಟ್ಟೆ ಹೊಲಿಗೆ ಬಿಟ್ಟ ಚೀಲದಂತೆ ಬಿರಿಯಿತು.

ಅತ್ತೆ ಕಂಟ್ರೋಲರ್ ಕೆಳಗಿಟ್ಟು ಬಲಗೈಯನ್ನು ಮುಂದೆ ಚಾಚಿ ಹಿಡಿದರು. ಕೈ ಅಲುಗಲಿಲ್ಲ. ಮಗಳು ಆ ಕೈಯನ್ನು ನೋಡಿದಳು. ಆಮೇಲೆ ಟೀವಿಯ ಪಕ್ಕದಿಂದ ಬೀಗದ ಕೈ ಎತ್ತಿ ಆ ಅಂಗೈಯಲ್ಲೇ ಇಟ್ಟಳು.

ಮೊಬೈಲ್ ಅಂಗಡಿಯವನು ಒಮ್ಮೆ ಪರದೆಯನ್ನು, ಒಮ್ಮೆ ಬೀಗದ ಕೈಯನ್ನು ನೋಡಿದ. "ಹಾಗಾದ್ರೆ... ನನ್ನ ಗತಿ ಏನಮ್ಮಾ?"

ಅತ್ತೆ ಅವನ ಮುಖ ನೋಡಲಿಲ್ಲ.

"ಪ್ಯಾಂಟು ಸೊಂಟದಲ್ಲಿ ಎರಡಿಂಚು ಸಡಿಲ ಇದೆ. ನಾಳೆ ತನ್ನಿ, ಹಿಡಿದುಕೊಡ್ತೀನಿ."