ಬಿಳಿ ಗೆರೆಯ ಕಡೆ ಚೆಲ್ಲಿದ ಹಾಲು

ರಸ್ತೆಯಂಚಿನ ತುಂಡುಗೆರೆ ಹಳದಿ ಇದ್ದದ್ದು ಬಿಳಿಯಾಯಿತೆಂದರೆ ದೇಶ ದಾಟಿದಿರಿ ಎಂದರ್ಥ. ಬೇರೆ ಗುರುತಿಲ್ಲ. ಚೆಕ್‌ಪೋಸ್ಟ್ ಇಲ್ಲ, ಬಾವುಟವಿಲ್ಲ. ಅದೇ ಮುಳ್ಳುಬೇಲಿ, ಅದೇ ತೇವದ ಹುಲ್ಲು, ಬೇಲಿಯಾಚೆಯಿಂದ ಕತ್ತು ಚಾಚುವ ಅದೇ ಕಪ್ಪು-ಬಿಳಿ ಹಸು. ನಾನಿರುವ ಕ್ಯಾವನ್ ಪಟ್ಟಣದಿಂದ ಕ್ಲೋನ್ಸ್ ಕಡೆಗೆ ಹೋಗುವ ದಾರಿ ಹೀಗೆ ಐರ್ಲೆಂಡಿನಿಂದ ಬ್ರಿಟನ್ನಿನ ಆಳ್ವಿಕೆಯಲ್ಲಿರುವ ಉತ್ತರ ಐರ್ಲೆಂಡಿಗೆ ನುಗ್ಗಿ, ಹೊರಬಂದು, ಮತ್ತೆ ನುಗ್ಗಿ, ಮತ್ತೆ ಹೊರಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರಗಳಲ್ಲಿ ನಾನು ದಿನಾ ಬೆಳಿಗ್ಗೆ ವೀಸಾ ಇಲ್ಲದೆ ಇನ್ನೊಂದು ದೇಶಕ್ಕೆ ಹೋಗಿಬರುತ್ತಿದ್ದೆ. ನನಗೆ ಗೊತ್ತೇ ಇರಲಿಲ್ಲ.

ಪಾವಗಡದವಳಿಗೆ ಗೊತ್ತಾಗುವುದಾದರೂ ಹೇಗೆ? ನಮ್ಮ ತಾಲ್ಲೂಕನ್ನು ಆಂಧ್ರ ಸುತ್ತುವರಿದಿದೆ. ನಮ್ಮದೇ ಜಿಲ್ಲಾ ಕೇಂದ್ರ ತುಮಕೂರಿಗೆ ಹೋಗಬೇಕೆಂದರೂ ಬಸ್ಸು ಮಡಕಶಿರಾ ಸೀಮೆ ಹಾದು ಮತ್ತೆ ಕರ್ನಾಟಕಕ್ಕೆ ಬರಬೇಕು. ಅಂಗಡಿಯ ಬೋರ್ಡು ತೆಲುಗಾದಾಗ ಯಾರೂ ತಲೆಯೆತ್ತಿ ನೋಡುವುದಿಲ್ಲ. ಕಿಟಕಿಗೆ ಒರಗಿ ಮಲಗಿದವರು ಮಲಗಿಯೇ ಇರುತ್ತಾರೆ. ಗಡಿಯೆಂದರೆ ನಿದ್ದೆಯಲ್ಲಿ ದಾಟುವ ವಸ್ತು ಎಂದು ತಿಳಿದೇ ನಾನು ಬೆಳೆದದ್ದು.

ವಿಷಯ ಬಯಲು ಮಾಡಿದವನು ಯೂಜೀನ್. ಆ ದಾರಿಯ ಕೊನೆಗೆ, ಗಡಿಯ ಈಚೆಗೇ ಇರುವ ಒಂದು ಹಾಲಿನ ಪುಡಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಟ್ಯಾಂಕರ್ ಬಂದೊಡನೆ ಸ್ಯಾಂಪಲ್ ತೆಗೆದು, ಹಸುವಿಗೆ ಕೊಟ್ಟ ಔಷಧಿಯ ಅಂಶ ಹಾಲಿನಲ್ಲಿ ಉಳಿದಿದೆಯೇ ಎಂದು ನೋಡಿ, ನಾನು ಹೂಂ ಎಂದ ಮೇಲೆಯೇ ಹಾಲು ಇಳಿಯುತ್ತದೆ. ಯೂಜೀನ್ ಟ್ಯಾಂಕರ್ ಚಾಲಕ, ಉತ್ತರದ ಫರ್ಮಾನಾದವನು, ಅರವತ್ತರ ಹತ್ತಿರದ ಮನುಷ್ಯ. ಅಲ್ಲಿಯ ಹೊಲಮನೆಗಳ ಹಾಲು ಹೊತ್ತು ದಿನಾ ಗೆರೆ ದಾಟಿ ನಮ್ಮಲ್ಲಿಗೆ ಬರುತ್ತಾನೆ.

"ಯಾವ ದಾರೀಲಿ ಬರ್ತೀಯ, ವರಾ?" ಎಂದು ಒಂದು ಬೆಳಿಗ್ಗೆ ಕೇಳಿದ. ವರಲಕ್ಷ್ಮಿ ಇಲ್ಲಿ ವರಾ ಆಗಿದ್ದಾಳೆ. ಹೇಳಿದೆ.

"ಹಾಗಾದ್ರೆ ತಿಂಡಿಗೆ ಮುಂಚೆ ಬ್ರಿಟನ್ ರಾಣಿಯ ರಾಜ್ಯ ಸುತ್ತಿ ಬಂದೆ ಅನ್ನು! ಚಹಾನಾದ್ರೂ ಕೊಟ್ಟಳಾ?"

ಅವನು ನಕ್ಕ. ನಾನು ದಿನಾ ದಾಟುತ್ತಿದ್ದದ್ದು ಬೇರೆ ದೇಶವೆಂದು ಆಗ ಹೊಳೆಯಿತು. ಸಂಜೆ ರೂಪಾಳಿಗೆ ಫೋನ್ ಮಾಡಿದೆ. ಲಿಮೆರಿಕ್‌ನಲ್ಲಿ ನನ್ನ ಜೊತೆ ಓದಿದವಳು. ಈಗ ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿದ್ದಾಳೆ.

"ಅಯ್ಯೋ ಲೇ, ಓಪನ್ ಬಾರ್ಡರ್ ಅಂದ್ರೆ ಅವರಿಗೆ ಕಣೆ," ಎಂದಳು. "ನಮ್ ಪಾಸ್‌ಪೋರ್ಟ್‌ಗೆ ಆ ಕಡೆ ಬೇರೆ ವೀಸಾ ಬೇಕು. ಇನ್ಮೇಲೆ ಸುತ್ತಿಕೊಂಡು ಹೋಗು. ಯಾರ್ ಹತ್ರಾನೂ ಬಾಯಿ ಬಿಡ್ಬೇಡ."

ಆ ಗೆರೆಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ ಎಂದಲ್ಲ. ಲಿಮೆರಿಕ್‌ನಲ್ಲಿ ಆಹಾರ ವಿಜ್ಞಾನ ಓದುತ್ತಿದ್ದ ವರ್ಷ ಲಂಡನ್ನಿನ ಸಂಸತ್ತು ಸಿಕ್ಕಿಬಿದ್ದದ್ದೇ ಈ ಗೆರೆಯ ಮೇಲೆ. ಬ್ರಿಟನ್ ಯುರೋಪಿನ ಒಕ್ಕೂಟ ಬಿಡಬೇಕೆಂದು ಜನ ಮತ ಹಾಕಿಯಾಗಿತ್ತು. ಹೇಗೆ ಬಿಡುವುದೆಂದು ಯಾರಿಗೂ ತಿಳಿಯದು. ಬಿಟ್ಟರೆ ಈ ದ್ವೀಪದ ನಡುವೆ ಮತ್ತೆ ಬೇಲಿ ಬೀಳುತ್ತದೆ, ಬೇಲಿ ಬಿದ್ದರೆ ಉತ್ತರದಲ್ಲಿ ದಶಕಗಟ್ಟಲೆ ನಡೆದಿದ್ದ ಹಳೆಯ ರಕ್ತಪಾತ ಮರಳುತ್ತದೆ ಎಂಬ ಭಯ. ಬೇಲಿ ಬೀಳದಂತೆ ನೋಡಿಕೊಳ್ಳುವ ಕರಾರನ್ನು ಬ್ಯಾಕ್‌ಸ್ಟಾಪ್ ಎನ್ನುತ್ತಿದ್ದರು. ಒಪ್ಪಂದ ಸದನಕ್ಕೆ ಬರುವುದು, ಸೋಲುವುದು, ಅದೇ ಒಪ್ಪಂದ ಮತ್ತೆ ಬರುವುದು, ಮತ್ತೆ ಸೋಲುವುದು. ಬಾಡಿಗೆ ಮನೆಯೊಡತಿ ನೋರೀನ್ ಅಡುಗೆಮನೆಯ ರೇಡಿಯೋಗೆ ಮುಖ ಕೊಟ್ಟು ಬೈಯುತ್ತಿದ್ದಳು. "ಈಜಿಟ್‌ಗಳು! ಬೇಡ ಅನ್ನೋಕೆ ಎಲ್ಲಾ ಒಂದಾಗ್ತಾರೆ. ಏನು ಬೇಕು ಅಂದ್ರೆ ಒಬ್ಬನೂ ಬಾಯಿ ಬಿಡಲ್ಲ." ಈಜಿಟ್ ಎಂದರೆ ಇಲ್ಲಿಯ ಇಂಗ್ಲಿಷಿನಲ್ಲಿ ಪೆದ್ದ. ಪ್ರೀತಿಗೂ ಬಳಸುತ್ತಾರೆ, ಸಿಟ್ಟಿಗೂ.

ಅದೇ ವರ್ಷ ನಮ್ಮ ವಿಧಾನಸೌಧದಲ್ಲೂ ವಿಶ್ವಾಸಮತ ಇವತ್ತು, ನಾಳೆ ಎಂದು ಎಳೆದಾಡುತ್ತಿತ್ತು. ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ರೆಸಾರ್ಟಿನಲ್ಲಿಟ್ಟಿದ್ದಾರೆ ಎಂದು ಹೇಳಿದಾಗ ನೋರೀನ್ ಚಮಚ ಕೆಳಗಿಟ್ಟಳು. "ಸ್ವಿಮಿಂಗ್ ಪೂಲ್ ಇದೆಯಾ? ಇದ್ರೆ ನಿಮ್ಮವರೇ ಬುದ್ಧಿವಂತರು." ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ಗೆರೆ ತೆರೆದೇ ಇರಬೇಕು ಎಂದು ಇಲ್ಲಿ ಎಲ್ಲರೂ ಹಟ ಹಿಡಿದಿದ್ದರು. ನಾನೂ ಅವರ ಪರ. ಯಾರಿಗೆ ತೆರೆದಿರಬೇಕು ಎಂಬ ಪ್ರಶ್ನೆ ಮಾತ್ರ ಆ ಅಡುಗೆಮನೆಯಲ್ಲಿ ಏಳಲಿಲ್ಲ.

ರೂಪಾ ಹೇಳಿದಂತೆ ನಾನು ಸುತ್ತುದಾರಿ ಹಿಡಿದೆ. ಉತ್ತರದ ಹಾಲು ನೇರ ದಾರಿಯಲ್ಲಿ ಬರುತ್ತಿತ್ತು; ಅದನ್ನು ಪರೀಕ್ಷಿಸುವವಳು ಸಂದಿಗೊಂದಿಯಲ್ಲಿ ಬರುತ್ತಿದ್ದಳು. ಅಷ್ಟರಲ್ಲಿ ಕೋವಿಡ್ ಬಂತು. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ನಿಯಮ ಬಂತು. ಆಹಾರದ ಕಾರ್ಖಾನೆ ಎಂದು ನಮಗೆ ವಿನಾಯಿತಿ. ಚೆಕ್‌ಪಾಯಿಂಟಿನಲ್ಲಿ ಗಾರ್ಡಾಗಳು, ಅಂದರೆ ಇಲ್ಲಿಯ ಪೊಲೀಸರು, ನನ್ನ ಕಾರ್ಡು ನೋಡಿ ಕೈ ಬೀಸುತ್ತಿದ್ದರು. ಖಾಲಿ ರಸ್ತೆ, ಖಾಲಿ ಊರು, ಸಂಜೆ ಮನೆಗೆ ಬಂದರೆ ಸಾರಿಗೆ ಹಾಕಿದ ಒಗ್ಗರಣೆಯ ಸದ್ದೊಂದೇ ನನ್ನ ಜೊತೆ ಮಾತನಾಡುತ್ತಿದ್ದದ್ದು.

ನವೆಂಬರಿನ ಒಂದು ಮುಂಜಾನೆ ಸುತ್ತುದಾರಿ ನೀರಿನಲ್ಲಿ ಮುಳುಗಿತ್ತು. ಅಡ್ಡಗಟ್ಟಿದ ಕಡೆ ಹಳದಿ ಬೋರ್ಡಿನ ಮೇಲೆ ದೊಡ್ಡ ಬಾಣದ ಗುರುತು: ಬದಲಿ ದಾರಿ ಇತ್ತ. ಇತ್ತ ಎಂದರೆ ಆ ನೇರ ದಾರಿ. ಎಲ್ಲ ಕಾರುಗಳೂ ಬಾಣ ನೋಡಿ ತಿರುಗಿದವು. ಆ ಬಾಣ ಬರೆದವರ ಮನಸ್ಸಿನಲ್ಲಿ ನನ್ನಂಥವಳು ಇರಲೇ ಇಲ್ಲ. ನಾನೂ ತಿರುಗಿದೆ.

ಮಂಜಿತ್ತು. ಸೇತುವೆ ದಾಟಿದ ಮೇಲೆ ಮುಂದೆ ಯೂಜೀನನ ಟ್ಯಾಂಕರ್ ಕಂಡಿತು. ಹಿಂಬದಿಗೆ ಅವನು ಅಂಟಿಸಿದ್ದ ಫುಟ್‌ಬಾಲ್ ತಂಡದ ಸ್ಟಿಕ್ಕರಿನಿಂದ ಗುರುತು ಹಿಡಿದೆ. ಧೈರ್ಯ ಬಂತು. ತಿರುವಿನಲ್ಲಿ ಎದುರಿನಿಂದ ಕಪ್ಪು ಕಾರೊಂದು ನಮ್ಮ ಬದಿಗೇ ನುಗ್ಗಿ ಬಂತು. ಯೂಜೀನ್ ಎಡಕ್ಕೆಳೆದ. ಎಡಗಡೆಯ ಗಾಲಿಗಳು ಮೆತ್ತನೆಯ ಮಣ್ಣಿಗಿಳಿದವು. ಈಗಲೂ ಕಣ್ಣು ಮುಚ್ಚಿದರೆ ಅದು ನಿಧಾನವಾಗಿಯೇ ಬೀಳುತ್ತದೆ, ಮುದುಕಿಯೊಬ್ಬಳು ಚಾಪೆಯ ಮೇಲೆ ಮಗ್ಗುಲಾದಂತೆ. ಆಮೇಲೆ ಸದ್ದು. ಕಪ್ಪು ಕಾರು ನನ್ನನ್ನು ಸವರಿಕೊಂಡು ಹೋಯಿತು, ನಿಲ್ಲಲಿಲ್ಲ.

ಟ್ಯಾಂಕರಿನ ಮುಚ್ಚಳ ಒಡೆದು ಹಾಲು ರಸ್ತೆಯ ತುಂಬ ಹರಿಯಿತು. ಬೆಚ್ಚಗಿಲ್ಲದ, ನೊರೆಯಿಲ್ಲದ ಹಾಲು ನನ್ನ ಬೂಟು ಮುಚ್ಚಿತು. ಅದರ ಜೊತೆ ಡೀಸೆಲ್ ವಾಸನೆ. ಇಂಜಿನ್ ಇನ್ನೂ ಓಡುತ್ತಿತ್ತು. ಯೂಜೀನ್ ಸೀಟ್‌ಬೆಲ್ಟಿನಲ್ಲಿ ನೇತಾಡುತ್ತಿದ್ದ, ಕಾಲು ಸಿಕ್ಕಿಕೊಂಡಿತ್ತು. ಒಡೆದ ಮುಂಗಾಜಿನೊಳಗೆ ತೋಳು ತೂರಿಸಿ, ಅವನು ಹೇಳಿಕೊಟ್ಟಂತೆ ಕೀ ತಿರುಗಿಸಿದೆ. ಸದ್ದು ನಿಂತಿತು. 

ಆಂಬುಲೆನ್ಸಿಗೆ ಫೋನ್ ಮಾಡಿದೆ. ಫೋನೆತ್ತಿದಾಕೆ ಮೊದಲು ಕೇಳಿದ್ದು, "ಗಡಿಯ ಯಾವ ಕಡೆ ಇದ್ದೀರಿ? ಸರಿಯಾಗಿ ನೋಡಿ ಹೇಳಿ. ಯಾವ ಕಡೆಯಿಂದ ಗಾಡಿ ಕಳಿಸಬೇಕು ಅನ್ನೋದು ಅದರ ಮೇಲಿದೆ."

ರಸ್ತೆಯಂಚು ಹಾಲಿನಲ್ಲಿ ಮುಳುಗಿತ್ತು. ಬೂಟಿನ ಹಿಮ್ಮಡಿಯಿಂದ ತಿಕ್ಕಿ ನೋಡಿದೆ. ಹಾಲಿನ ಅಡಿಯಲ್ಲಿ ಗೆರೆ. ಹಳದಿಯಾಗಿರಲಿ ಎಂದು ಬೇಡಿಕೊಂಡೆ. ಬಿಳಿ.

"ಉತ್ತರ," ಎಂದೆ.

ಯೂಜೀನನಿಗೆ ಕೇಳಿಸಿತು. ನಾನು ಸುತ್ತುದಾರಿ ಹಿಡಿದದ್ದು ಏಕೆಂದು ಅವನು ಎಂದೋ ಊಹಿಸಿದ್ದ. "ನೀನು ಹೊರಡು, ಮಗೂ. ಪೊಲೀಸರು ಬರೋಕೆ ಮುಂಚೆ ಹೊರಡು. ನಾನು ಗ್ರ್ಯಾಂಡ್." ಗ್ರ್ಯಾಂಡ್ ಎಂದರೆ ಇಲ್ಲಿ ಭರ್ಜರಿ ಎಂದಲ್ಲ, ಪರವಾಗಿಲ್ಲ ಎಂದಷ್ಟೇ. ಕಾಲು ಮುರಿದವನೂ ಗ್ರ್ಯಾಂಡೇ.

"ಬಾಯಿ ಮುಚ್ಕೊಂಡಿರು, ಯೂಜೀನ್," ಎಂದು ಮಾಸ್ಕ್ ಕಿತ್ತು ಜೇಬಿಗಿಟ್ಟು, ಅವನ ಕೈ ಹಿಡಿದುಕೊಂಡೆ. ಎಷ್ಟೋ ತಿಂಗಳುಗಳಲ್ಲಿ ನಾನು ಮುಟ್ಟಿದ ಮೊದಲ ಮನುಷ್ಯ ಅವನು. ಉತ್ತರದ ಪೊಲೀಸರು ಬಂದಾಗ ನನ್ನ ಹೆಸರು, ವಿಳಾಸ ಕೊಟ್ಟೆ. ಬರೆದುಕೊಂಡರು.

ಕಪ್ಪು ಕಾರಿನ ಸುಳಿವು ಸಿಗಲಿಲ್ಲ. ಯೂಜೀನ್ ತೂಕಡಿಸಿ ಗಾಡಿ ಬೀಳಿಸಿದ ಎಂಬ ಮಾತು ಹೊರಟಿತು. ಹಾಗಾದರೆ ಅವನ ಲೈಸೆನ್ಸು ಹೋಗುತ್ತದೆ, ಲೈಸೆನ್ಸು ಹೋದರೆ ಕೆಲಸ. ನೋಡಿದವಳು ನಾನೊಬ್ಬಳೇ. ನನ್ನ ಐರ್ಲೆಂಡಿನ ವೀಸಾ ಆಗ ನವೀಕರಣಕ್ಕೆ ಹೋಗಿತ್ತು.

ಮ್ಯಾನೇಜರ್ ಡೆಕ್ಲನ್ ಕೆಟ್ಟವನಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದ. "ನೋಡಿಲ್ಲ ಅನ್ನು ಅಂತ ನಾನು ಹೇಳ್ತಿಲ್ಲ. ಸೇತುವೆಯ ಈಚೆ, ನಮ್ಮ ದೇಶದ ಕಡೆಯಿಂದ ನೋಡಿದೆ ಅನ್ನು, ಅಷ್ಟೇ. ಕೂಗಳತೆಯ ಮಾತು. ಯಾರು ಅಳೆಯೋಕೆ ಬರ್ತಾರೆ?"

"ಸೇತುವೆಯ ಈಚೆಯಿಂದ ಆ ತಿರುವು ಕಾಣಲ್ಲ, ಡೆಕ್ಲನ್. ಅವರು ಹೋಗಿ ನಿಂತು ನೋಡಿದರೆ ನನ್ನ ಮಾತೂ ಬಿತ್ತು, ಯೂಜೀನೂ ಬಿದ್ದ."

ಮನೆಗೆ ಹೋಗುವಾಗ ಸಿಟ್ಟು ಏರಿತು. ಅಷ್ಟು ದೊಡ್ಡ ಸಂಸತ್ತು ವರ್ಷಗಟ್ಟಲೆ ಕೂತು ಈ ಗೆರೆಯನ್ನು ಏನು ಮಾಡಬೇಕೆಂದು ತಿಳಿಯದೆ ಒದ್ದಾಡಿತು. ನಾನು ಮಾತ್ರ ಒಂದು ಸುಳ್ಳಿನಲ್ಲಿ ಅದನ್ನೆತ್ತಿ ಆಚೆ ಇಟ್ಟುಬಿಡಬೇಕು, ಅದೂ ಸದ್ದಿಲ್ಲದೆ.

ರೂಪಾ ಬೈದಳು. "ಈ ಟೈಮಲ್ಲಿ ಹೀರೋಯಿನ್ ಆಗ್ಬೇಡ. ವೀಸಾ ರಿಜೆಕ್ಟ್ ಆದ್ರೆ ಏನ್ ಮಾಡ್ತೀಯ?"

"ಅವನ ಲೈಸೆನ್ಸ್ ಹೋದ್ರೆ?"

"ಅವನಿಗೆ ಬ್ರಿಟನ್ನಿಂದು, ಐರ್ಲೆಂಡಿಂದು, ಎರಡೆರಡು ಪಾಸ್‌ಪೋರ್ಟ್ ಐತೆ ಕಣೆ. ನಿನಗೆ?"

ರೂಪಾಳ ಫೋನ್ ಇಟ್ಟೆ. ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ನಮ್ಮೂರಿನ ಮಹಿಳಾ ಹಾಲು ಡೇರಿಯ ಕಾರ್ಯದರ್ಶಿ. ಎಲ್ಲ ಕೇಳಿ ಮೊದಲು ಅವಳಂದದ್ದು, "ಅಷ್ಟೂ ಹಾಲು ಚೆಲ್ಲೋಯ್ತಾ? ಅಯ್ಯೋ ದೇವರೇ."

"ಅಮ್ಮಾ, ನನ್ನ ವೀಸಾ ವಿಷಯ ಹೇಳ್ತಿದೀನಿ."

"ಕೇಳಿಸ್ತು ಕಣಮ್ಮಾ. ಲಾಕ್‌ಡೌನಾಗೆ ಆಂಧ್ರದ ದಾರಿಗೆ ಜೆಸಿಬಿ ತಂದು ಮಣ್ಣು ಸುರುದ್ರಲ್ಲ, ಗೊತ್ತಲ್ಲ ನಿಂಗೆ? ಆ ಕಡೆ ಹಟ್ಟಿ ಹೆಂಗಸ್ರು ಕ್ಯಾನ್ ಹಿಡ್ಕಂಡು ಗುಡ್ಡೆ ಹತ್ರ ನಿಂತಿದ್ರು. ನಾನು ಲ್ಯಾಕ್ಟೋಮೀಟ್ರು ತಗಂಡು ಅಲ್ಲಿಗೇ ಹೋದೆ. ಗುಡ್ಡೆ ಮೇಲಿಂದ ಕ್ಯಾನ್ ಈಸ್ಕಂಡು ಅಳತೆ ಹಾಕ್ದೆ. ಪೊಲೀಸಪ್ಪ ಬಂದು ಯಾರಮ್ಮ ನೀನು, ಹೆಸರೇನು ಅಂದ."

"ಏನ್ ಹೇಳ್ದೆ?"

"ಇರೋ ಹೆಸ್ರು ಹೇಳ್ದೆ. ಇನ್ನೇನು ಹೇಳ್ಲಿ? ಹಾಲು ಕೆಡ್ತಿತ್ತು."

ಹೇಳಿಕೆ ಕೊಡಲು ಉತ್ತರದ ಠಾಣೆಗೇ ಹೋಗಬೇಕಿತ್ತು. ಅಲ್ಲಿಗೆ ಹೋಗಲು ವೀಸಾ ಬೇಕು. ಆದರೆ ಕೋವಿಡ್ ಕಾಲ. ವಿಡಿಯೋದಲ್ಲೇ ಆಗುತ್ತದೆ ಎಂದರು. ಎಲ್ಲ ದಾರಿ ಮುಚ್ಚಿದ ರೋಗ ನನಗೆ ಒಂದು ಕಿಂಡಿ ತೆರೆಯಿತು. ಡಿಸೆಂಬರಿನ ಮಧ್ಯಾಹ್ನ, ಕ್ಯಾವನ್‌ನ ನನ್ನ ಅಡುಗೆಮನೆ, ಮೇಜಿನ ಮೇಲೆ ಲ್ಯಾಪ್‌ಟಾಪ್. ಪಕ್ಕದ ಮನೆಯ ಗೋಡೆಯಾಚೆ ರೇಡಿಯೋ ಇನ್ನೂ ಅದೇ ಹಾಡುತ್ತಿತ್ತು: ಮಾತುಕತೆ ನಿಂತಿದೆ, ಗಡುವು ಹತ್ತಿರವಾಗಿದೆ, ಯಾರೂ ಬಗ್ಗುತ್ತಿಲ್ಲ. ತೆರೆಯ ಮೇಲೆ ನಡುವಯಸ್ಸಿನ ಪೊಲೀಸ್ ಅಧಿಕಾರಿ.

"ಕಾರು ತಪ್ಪು ಬದಿಗೆ ಬಂದಾಗ ನೀವು ಎಲ್ಲಿದ್ದಿರಿ?"

"ಸೇತುವೆ ದಾಟಿ, ತಿರುವಿಗೆ ಮುಂಚೆ. ರಸ್ತೆಯಂಚು ಬಿಳಿಯಿರುವ ಕಡೆ."

ಅವನು ಟೈಪ್ ಮಾಡುವುದನ್ನು ನಿಲ್ಲಿಸಿದ. ನನ್ನ ವಿಳಾಸ ನೋಡಿದ, ನನ್ನ ಮುಖ ನೋಡಿದ. "ನೀವು ಹೇಳ್ತಿರೋದು ಏನು ಅಂತ ನಿಮಗೆ ಗೊತ್ತಿದೆ ತಾನೆ?"

"ಗೊತ್ತಿದೆ. ನಾನು ನಿಮ್ಮ ದೇಶದಲ್ಲಿದ್ದೆ. ವೀಸಾ ಇರಲಿಲ್ಲ. ಬಾಣದ ಗುರುತು ನೋಡಿ ಬಂದೆ. ಕಾರನ್ನೂ ನೋಡಿದೆ, ಯೂಜೀನ್ ಎಚ್ಚರವಾಗಿದ್ದು ಎಡಕ್ಕೆಳೆದದ್ದನ್ನೂ ನೋಡಿದೆ. ಎಲ್ಲಾ ಒಟ್ಟಿಗೆ ಬರಕೊಳ್ಳಿ. ಒಂದು ಬಿಟ್ಟು ಒಂದು ಕೊಡಲ್ಲ."

ಅವನು ಕುರ್ಚಿ ಮುಂದಕ್ಕೆಳೆದುಕೊಂಡ. "ನಾನು ಟ್ರಾಫಿಕ್‌ನವನು, ಮೇಡಂ. ನನಗೆ ಬೇಕಾದ್ದು ಕಾರು ಯಾವ ಬದಿಯಲ್ಲಿತ್ತು ಅನ್ನೋದು." ಬೆರಳುಗಳು ಮತ್ತೆ ಓಡಿದವು. ಬಿಳಿ ಗೆರೆ ಎಂಬ ಮಾತನ್ನು ಅವನು ಬರೆದುಕೊಂಡ. ಕೊನೆಯಲ್ಲಿ ಓದಿ ಹೇಳಿದಾಗ ಕೇಳಿಸಿಕೊಂಡೆ.

ಕ್ರಿಸ್‌ಮಸ್ಸಿನ ಮುನ್ನಾದಿನ ಲಂಡನ್ನೂ ಯುರೋಪೂ ಒಪ್ಪಂದಕ್ಕೆ ಬಂದವು. ಬೇಲಿ ಬೀಳಲಿಲ್ಲ. ಹಾಲು ಬರುತ್ತಲೇ ಇದೆ. ಹೊಲಮನೆಯೊಂದರ ಗೇಟಿನ ಕ್ಯಾಮೆರಾದಲ್ಲಿ ಅಪಘಾತದ ಹೊತ್ತಿಗೆ ಓಡಿಹೋದ ಕಪ್ಪು ಕಾರು ಸಿಕ್ಕಿತು. ನನ್ನ ಮಾತಿಗೆ ಅದು ಹೊಂದಿತು. ಯೂಜೀನನ ಲೈಸೆನ್ಸು ಉಳಿಯಿತು. ನನ್ನ ವೀಸಾ ಮಾತ್ರ ಇನ್ನೂ ಬಂದಿಲ್ಲ. ತಡವಾಗಿರುವುದು ಕೋವಿಡ್‌ನಿಂದಲೋ ಬಿಳಿ ಗೆರೆಯಿಂದಲೋ ಯಾರೂ ಹೇಳುವುದಿಲ್ಲ. ಅಂಚೆಯವನ ವ್ಯಾನು ನಿಂತಾಗ ಬಾಗಿಲಿಗೆ ಓಡುತ್ತೇನೆ. ಆದರೂ ಆ ಪೊಲೀಸ್ ಅಧಿಕಾರಿ ನಾಳೆ ಮತ್ತೆ ಕೇಳಿದರೆ ಅದೇ ಹೇಳುತ್ತೇನೆ.

ವಸಂತದಲ್ಲಿ ಯೂಜೀನ್ ಕುಂಟುತ್ತ ಕೆಲಸಕ್ಕೆ ಮರಳಿದ. ಸ್ಯಾಂಪಲ್ ಬಾಟಲಿ ಕೈಗಿಟ್ಟು, "ಆ ತಿರುವಿನಲ್ಲಿ ನನ್ನ ಗಾಲಿ ಕೊರೆದ ಗುಂಡಿ ಹಾಗೇ ಇದೆ. ಮೇಲೆ ಹುಲ್ಲು ಬಂದಿದೆ. ಹೋಗಿ ನೋಡಬೇಕು ನೀನು," ಎಂದ. ಹೇಳಿದ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಪಾವಗಡದ ದಾರಿಯ ಮಣ್ಣಿನ ಗುಡ್ಡೆಯನ್ನೂ ತೆಗೆದಿದ್ದಾರೆ. ಆದರೆ ಪೂರ್ತಿ ಸಮವಾಗಿಲ್ಲವಂತೆ. ತುಮಕೂರಿನ ಬಸ್ಸು ಅಲ್ಲಿ ಈಗಲೂ ಎಗರುತ್ತದೆ, ಮಲಗಿದವರು ಎದ್ದು ಕೂರುತ್ತಾರೆ ಎಂದು ಅಮ್ಮ ಹೇಳಿದಳು. ವಿಮಾನವಿಲ್ಲ, ವೀಸಾ ಕೈಯಲ್ಲಿಲ್ಲ, ಆ ಉಬ್ಬಿನ ಹತ್ತಿರ ನಾನು ಹೋಗಲಾರೆ. ಈ ಗುಂಡಿ ಇಲ್ಲಿಂದ ಕಾರಿನಲ್ಲಿ ಒಂದು ಹಾಡು ಮುಗಿಯುವಷ್ಟು ದೂರ. ಅಲ್ಲಿಗೂ ಹೋಗಲಾರೆ.

"ಹುಲ್ಲು ಯಾವ ಬಣ್ಣ?" ಎಂದು ಕೇಳಿದೆ.

"ಏನು ಪ್ರಶ್ನೆ ಇದು? ಹಸಿರು. ಎರಡೂ ಕಡೆ ಹಸಿರು."

ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ, ಪರೀಕ್ಷೆ ಮಾಡಿದೆ. ಅವನ ಹಾಲು ಶುದ್ಧವಾಗಿತ್ತು. ಹೂಂ ಎಂದೆ, ಇಳಿಸಿಕೊಂಡರು.