ಎಲಿಯಾಸಣ್ಣನ ಪಾಲಿನ ರೊಟ್ಟಿ

ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಅದರ ಮೇಲೆ ಕುರಿಯ ಎರಡು ಕಿಡ್ನಿಗಳನ್ನು ಕೊಬ್ಬಿನ ಸಮೇತ ಇಟ್ಟು, "ಇನ್ನು ಪ್ರಾರ್ಥನೆ ಮಾಡುವ" ಎಂದವರು ಈ ಲೋಕದಲ್ಲಿ ಎಲಿಯಾಸಣ್ಣ ಒಬ್ಬರೇ ಇರಬೇಕು. ಮೇಜು ನನ್ನದು. ಗಲ್ಫಿನಲ್ಲಿ, ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಮಂಗಳವಾರ ಸಂಜೆ ಕನ್ನಡದ ನಾಲ್ಕೈದು ಕ್ರೈಸ್ತ ಕುಟುಂಬಗಳು ಸೇರಿ ವೇದಪುಸ್ತಕ ಓದುತ್ತಿದ್ದೆವು. ಪಾಠ ಹೇಳುವುದು ಎಲಿಯಾಸಣ್ಣನ ಕೆಲಸ. ಹಿಂದಿನ ಇಸ್ರಾಯೇಲರು ಯಜ್ಞ ಮಾಡುವಾಗ ದೇವರಿಗೆಂದು ಸುಡುತ್ತಿದ್ದ ಕೊಬ್ಬು ಯಾವುದು ಎಂದು ಹಿಂದಿನ ವಾರ ಯಾರೋ ಕೇಳಿದ್ದರು. ಬಾಯಲ್ಲಿ ಹೇಳಿದರೆ ನಮ್ಮ ತಲೆಗೆ ಹೋಗುವುದಿಲ್ಲವೆಂದು ತಾವು ಕೆಲಸ ಮಾಡುವ ಮಾಂಸದಂಗಡಿಯಿಂದಲೇ ತಂದಿದ್ದರು.

"ನೋಡಿ ಮಾರಾಯ್ರೆ, ಕಿಡ್ನಿಗೆ ಹೀಗೆ ಅಂಟಿಕೊಂಡದ್ದುಂಟಲ್ಲ, ಇದು ದೇವರದ್ದು. ನೀವೆಲ್ಲ ಬಂದು, ಎಲಿಯಾಸಣ್ಣ ಕೊಬ್ಬು ತೆಗೆದು ಕೊಡಿ ಅಂತೀರಿ. ನನಗೆ ಒಳಗಿಂದೊಳಗೆ ನಗು ಬರ್ತದೆ."

ನನ್ನ ಹೊಸ ಮೇಜುಬಟ್ಟೆಗೆ ಬಿದ್ದ ಕಲೆ ಮೂರು ಸಲ ಒಗೆದರೂ ಹೋಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ.

ಅವರು ಉದ್ಯಾವರ ಕಡೆಯವರು. ಅಲ್ ಮುಂತಜಾ ಬಡಾವಣೆಯ ಆ ಮಾಂಸದಂಗಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೌಂಟರಿನ ಹಿಂದೆ ನಿಂತವರು. ಕಸಾಯಿಖಾನೆಯಿಂದ ಬಂದ ಕುರಿಯನ್ನು ತುಂಡು ಮಾಡಿ ಕೊಡುವುದು ಅವರ ಹೊಟ್ಟೆಪಾಡು. ಉಳಿದವರು ವೇದಪುಸ್ತಕದಲ್ಲಿ ಕೀರ್ತನೆಗಳನ್ನೋ ಯೇಸು ಹೇಳಿದ ಸಾಮ್ಯದ ಕಥೆಗಳನ್ನೋ ಹುಡುಕಿಕೊಂಡು ಹೋದರೆ, ಇವರು ಯಾಜಕರಿಗೆ ಹೇಳಿದ ನಿಯಮಗಳನ್ನು ಬಿಟ್ಟು ಕದಲುತ್ತಿರಲಿಲ್ಲ. ಯಾವ ಪ್ರಾಣಿ ಆಗುತ್ತದೆ, ಯಾವುದು ಆಗುವುದಿಲ್ಲ, ರಕ್ತ ಎಲ್ಲಿ ಚಿಮುಕಿಸಬೇಕು, ಬೂದಿ ಎಲ್ಲಿ ಚೆಲ್ಲಬೇಕು. ನನ್ನ ಗಂಡ ಸುನಿಲ್ ತೂಕಡಿಸುತ್ತಿದ್ದರು. ಎಲಿಯಾಸಣ್ಣ ಮಾತ್ರ ಊರಿನಿಂದ ಬಂದ ಕಾಗದ ಓದುವವರಂತೆ ಓದುತ್ತಿದ್ದರು.

ಒಮ್ಮೆ ನಾನೇ ರೇಗಿ, "ಪವಿತ್ರ, ಪವಿತ್ರ ಅಂತ ಪುಟಪುಟಕ್ಕೂ ಉಂಟಲ್ಲ, ಹಾಗಂದ್ರೆ ಎಂತ?" ಎಂದು ಕೇಳಿದೆ.

"ನಿರ್ಮಲಾ, ನಿನ್ನ ಮೀನಿನ ಚಟ್ಟಿಯಲ್ಲಿ ಪಾಯಸ ಮಾಡ್ತಿಯಾ?"

"ಇಲ್ಲಪ್ಪ."

"ಯಾಕೆ? ಚಟ್ಟಿ ಕೆಟ್ಟದ್ದಾ? ಅಲ್ಲ. ಅದು ಮೀನಿಗೆ ಅಂತ ಬೇರೆ ಇಟ್ಟದ್ದು. ಪವಿತ್ರ ಅಂದ್ರೂ ಅಷ್ಟೆ, ದೇವರಿಗೆ ಅಂತ ಬೇರೆ ಇಟ್ಟದ್ದು. ಖಲಾಸ್."

ಬಕ್ರೀದ್ ಹತ್ತಿರ ಬಂದರೆ ಅವರಿಗೆ ಬಿಡುವಿರುತ್ತಿರಲಿಲ್ಲ. ಕೆಳಗಿನ ಫ್ಲಾಟಿನ ಬ್ಯಾರಿ ವ್ಯಾಪಾರಿ ಹಮೀದಾಕ ಕುರಿ ಕೊಳ್ಳಲು ಹೋಗುವಾಗ ಅವರನ್ನು ಕಾರಿನಲ್ಲಿ ಕೂರಿಸಿಕೊಂಡೇ ಹೋಗುತ್ತಿದ್ದರು. ಎಲಿಯಾಸಣ್ಣ ಕುರಿಯ ಕಣ್ಣು ನೋಡಿ, ಕಿವಿ ಸವರಿ, ನಾಲ್ಕು ಹೆಜ್ಜೆ ನಡೆಸಿ, ಕುಂಟುವುದಿಲ್ಲವೆಂದು ಖಾತ್ರಿಯಾದ ಮೇಲೆ ತಲೆಯಾಡಿಸಬೇಕು. "ನಿಮ್ಮ ಪುಸ್ತಕದಲ್ಲೂ ಇದೇ ಲಿಸ್ಟಾ?" ಎಂದು ಹಮೀದಾಕ ಕೇಳಿದರೆ, "ನಮ್ಮದು ಸ್ವಲ್ಪ ಉದ್ದ ಉಂಟು" ಎನ್ನುತ್ತಿದ್ದರು.

ಆ ಉದ್ದದ ಪಟ್ಟಿಯೇ ಅವರನ್ನು ಹಿಡಿದುಹಾಕಿತು. ಒಂದು ಬೇಸಿಗೆಯಲ್ಲಿ ಎಲುಬು ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ಎರಡು ಬೆರಳು ಹೋದವು. ಗಾಯ ಮಾಗಿತು. ಎರಡೇ ತಿಂಗಳಲ್ಲಿ ಎಡಗೈಯಲ್ಲಿ ಕತ್ತಿ ಹಿಡಿಯಲು ಕಲಿತು ಕೌಂಟರಿಗೆ ಮರಳಿದರು. ಆದರೆ ಇಲ್ಲಿ ರಜೆಯ ದಿನವಾದ ಶುಕ್ರವಾರದ ಆರಾಧನೆಯಲ್ಲಿ, ಯೇಸುವಿನ ನೆನಪಿಗೆ ಎಲ್ಲರೂ ಹಂಚಿಕೊಳ್ಳುವ ಪ್ರಭುಭೋಜನದ ರೊಟ್ಟಿಯ ತಟ್ಟೆ ಹಿಡಿದು ಪಾಸ್ಟರ ಪಕ್ಕದಲ್ಲಿ ಬರುತ್ತಿದ್ದವರು, ತಟ್ಟೆ ಮುಟ್ಟುವುದಿಲ್ಲ ಎಂದುಬಿಟ್ಟರು. ಯಾಜಕ ವಂಶದಲ್ಲಿ ಹುಟ್ಟಿದವನಾದರೂ ಕುರುಡ, ಕುಂಟ, ಕೈ ಊನವಾದವನು ಯಜ್ಞವೇದಿಯ ಹತ್ತಿರ ಬರಕೂಡದೆಂಬ ನಿಯಮವನ್ನು ನಮಗೆಲ್ಲ ಕಲಿಸಿದವರು ಅವರೇ ತಾನೆ! ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವರು ರೊಟ್ಟಿ ತೆಗೆದುಕೊಳ್ಳುವುದನ್ನೂ ಬಿಟ್ಟರು. ಎಲ್ಲರೂ ಎದ್ದು ಮುಂದೆ ಹೋಗುವಾಗ ಕೊನೆಯ ಬೆಂಚಿನಲ್ಲಿ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಕೂತಿರುತ್ತಿದ್ದರು.

"ಎಲಿಯಾಸ್, ಆ ನಿಯಮವೆಲ್ಲ ಈಗ ನಮಗಿಲ್ಲ" ಎಂದು ಪಾಸ್ಟರ್ ಎರಡು ಮೂರು ಸಲ ಹೇಳಿದರು.

"ಇರಲಿ ಪಾಸ್ಟರ್. ಕುಂಟು ಕುರಿಯನ್ನು ಬೇಡ ಅಂತ ಹಿಂದೆ ಕಳಿಸುವವ ನಾನು. ನನಗೊಂದು ರೂಲು, ಕುರಿಗೊಂದು ರೂಲಾ?"

ಮೂರು ತಿಂಗಳಲ್ಲಿ ಮನುಷ್ಯ ಇಳಿದುಹೋದರು. ಮಂಗಳವಾರದ ಪಾಠವೂ ನಿಂತಿತು. ನನಗೆ ಸಂಕಟವಾಗುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಲ್ಲೇ ಒಂದು ದಿನ ಆ ನಿಯಮದ ಅಧ್ಯಾಯವನ್ನು ಜನ್ಮದಲ್ಲಿ ಮೊದಲ ಸಲ ನಾನಾಗಿ ತೆಗೆದು ಓದಿದೆ. ಊನಗಳ ಪಟ್ಟಿ ಮುಗಿದ ಮೇಲೂ ಮಾತು ಮುಂದುವರಿದಿತ್ತು. ನಾನು ಪುಸ್ತಕವನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಟ್ಯಾಕ್ಸಿ ಹಿಡಿದು ಸೀದಾ ಅಲ್ ಮುಂತಜಾಕ್ಕೆ ಹೋದೆ.

ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ. "ಅರ್ಧ ಕಿಲೋವಾ?" ಎಂದರು.

"ಮಾಂಸ ಬೇಡ. ಇದನ್ನು ಓದಿ. ಪಟ್ಟಿ ಬೇಡ, ಪಟ್ಟಿಯ ಕೆಳಗಿನದ್ದು."

ಕೈ ಒರೆಸಿಕೊಂಡು ಕನ್ನಡಕ ಹಾಕಿದರು. ಊನವಿರುವ ಯಾಜಕ ವೇದಿಗೆ ಬರಬಾರದು ನಿಜ, ಆದರೆ ದೇವರ ಪಾಲಿನ ರೊಟ್ಟಿಯನ್ನು, ಅತಿ ಪವಿತ್ರವಾದದ್ದನ್ನೂ ಸಹ, ಅವನು ತಿನ್ನಬಹುದು ಎಂದಿತ್ತು ಅಲ್ಲಿ. ಎಲಿಯಾಸಣ್ಣ ಓದಿದರು. ಮತ್ತೆ ಮೊದಲಿಂದ ಓದಿದರು.

"ಇದನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೆ ಗೊತ್ತುಂಟಾ?"

"ಗೊತ್ತುಂಟು. ಆಗ ನಿಮಗೆ ಹತ್ತು ಬೆರಳಿತ್ತು, ಈ ಸಾಲಿನ ಅಗತ್ಯ ಬೀಳಲಿಲ್ಲ."

ಇಷ್ಟು ಕಟುವಾಗಿ ಆಡಬಾರದಿತ್ತು. ಅವರು ಕನ್ನಡಕ ತೆಗೆದು, ಕೌಂಟರಿಗೆ ಬೆನ್ನು ಹಾಕಿ, ಎಡಗೈಯಲ್ಲಿ ಕತ್ತಿ ಎತ್ತಿಕೊಂಡರು. ಆಮೇಲೆ ಬೇಡವೆಂದರೂ ಕೇಳದೆ ಅರ್ಧ ಕಿಲೋ ಕಟ್ಟಿಕೊಟ್ಟು, "ಯಲ್ಲಾ, ಹೊರಡು, ಮನೆಗೆ ಹೋಗು" ಎಂದರು.

ಮುಂದಿನ ಪ್ರಭುಭೋಜನದ ದಿನ ಅವರು ಸಾಲಿನಲ್ಲಿ ನಿಂತರು. ತಟ್ಟೆಯನ್ನು ಮಾತ್ರ ಮತ್ತೆಂದೂ ಹಿಡಿಯಲಿಲ್ಲ. ಹಿಡಿಯಲು ಬೇರೆ ಯಾರೂ ಮುಂದೆ ಬರದೆ ಪಾಸ್ಟರ್ ನನಗೆ ಹೇಳಿದರು, ನಾನು ಹಿಡಿದೆ. ನಿಮ್ಮ ಹಳೆಯ ರೂಲಿನಲ್ಲಿ ಹೆಂಗಸಿಗೂ ಜಾಗವಿಲ್ಲವಲ್ಲ ಎಂದು ಎಲಿಯಾಸಣ್ಣನನ್ನು ಕೆಣಕಿದೆ. "ನಿನ್ನದನ್ನು ಪಾಸ್ಟರ್ ನೋಡಿಕೊಳ್ತಾರೆ. ನನ್ನದು ನನಗೂ ದೇವರಿಗೂ ಇರುವ ಲೆಕ್ಕ" ಎಂದರು. ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ.

ಮಂಗಳವಾರದ ಪಾಠ ಮತ್ತೆ ಶುರುವಾಗಿ ಒಂದೂವರೆ ವರ್ಷ ನಡೆಯಿತು. ಆಮೇಲೆ ಅವರ ವೀಸಾ ಮುಗಿದು ಊರಿಗೆ ಹೊರಟರು. ಅದರ ಮರು ಮಳೆಗಾಲ ಅಲ್ಲೇ ತೀರಿಕೊಂಡರೆಂದು ಫೋನು ಬಂತು. ಹಾಗಾಗಿ ಹೊರಡುವ ಮುಂಚಿನ ಶುಕ್ರವಾರವೇ ನಾನು ಅವರನ್ನು ಕಂಡ ಕೊನೆಯ ದಿನ. ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತಿದ್ದರು. ಅವರ ಸರದಿ ಬರುವಷ್ಟರಲ್ಲಿ ನನ್ನ ಕಣ್ಣು ತುಂಬಿ ತಟ್ಟೆ ಒಂದು ಕಡೆಗೆ ವಾಲಿತ್ತು. ಎಲಿಯಾಸಣ್ಣ ಎಡಗೈಯಿಂದ ತಟ್ಟೆಯ ಅಂಚನ್ನು ಮುಟ್ಟಲು ಹೋಗಿ, ತಡೆದು, ಕೈ ಹಿಂದಕ್ಕೆ ಎಳೆದುಕೊಂಡರು.

"ನೇರ ಹಿಡಿ ಮಗಳೇ" ಎಂದು ಪಿಸುಗುಟ್ಟಿ, ಮೂರು ಬೆರಳಿನ ಬಲಗೈ ಚಾಚಿದರು.